ಆ ಎರರ್ ಬರೆದವನು ನಾನೇ

ಹೈಸ್ಕೂಲ್ ಬೇಸ್‌ಬಾಲ್‌ನ ಆಲ್-ಡಿಸ್ಟ್ರಿಕ್ಟ್ ಪಟ್ಟಿ, ಅಂದರೆ ನಮ್ಮ ಡಿಸ್ಟ್ರಿಕ್ಟ್ ಶಾಲೆಗಳ ಒಳ್ಳೆಯ ಆಟಗಾರರ ಪಟ್ಟಿ, ಬಂದಾಗಿನಿಂದ ನಮ್ಮ ಪೇರೆಂಟ್ಸ್ ಗ್ರೂಪ್‌ನಲ್ಲಿ ದಿನಾ ಜಗಳ. ನಮ್ಮ ಶಾಲೆಯ ಪಿಚರ್‌ಗೆ, ಅಂದರೆ ಬಾಲ್ ಎಸೆಯುವವನಿಗೆ, ಡಿಸ್ಟ್ರಿಕ್ಟ್‌ನ ವರ್ಷದ ಪಿಚರ್ ಅನ್ನೋ ಪಟ್ಟ ಸಿಕ್ಕಿದೆ. ಥರ್ಡ್ ಬೇಸ್ ಹತ್ತಿರ ಫೀಲ್ಡ್ ಮಾಡುವ ಹುಡುಗನ ಹೆಸರು ಫಸ್ಟ್ ಟೀಮ್‌ನಲ್ಲಿಲ್ಲ, ಸೆಕೆಂಡ್ ಟೀಮ್‌ನಲ್ಲಿಲ್ಲ, ಕೊನೆಗೆ ಸಮಾಧಾನಕ್ಕೆ ಕೊಡುವ ಆನರಬಲ್ ಮೆನ್ಷನ್‌ನಲ್ಲೂ ಇಲ್ಲ. ಕೆಲವರು ಕೋಚ್‌ಗೆ ಬೈಯುತ್ತಿದ್ದಾರೆ. ಕೆಲವರು ದುಡ್ಡಿದ್ದವರ ಮಕ್ಕಳಿಗೇ ಎಲ್ಲ ಅನ್ನುತ್ತಿದ್ದಾರೆ. ನಾನು ಮಾತ್ರ ತುಟಿ ಪಿಟಕ್ ಅಂದಿಲ್ಲ. ಆ ಇಡೀ ಸೀಸನ್ ಸ್ಕೋರ್ ಬರೆದವನು ನಾನೇ.

ಅಲ್ಲಿ ಇಂಗ್ಲಿಷ್‌ನಲ್ಲಿ ಹೇಳುವ ಧೈರ್ಯ ಬರಲಿಲ್ಲ. ಇಲ್ಲಿ ಕನ್ನಡದಲ್ಲಿ ಹೇಳಿಬಿಡುತ್ತೇನೆ. ಆ ಗ್ರೂಪ್‌ನಲ್ಲಿ ಕನ್ನಡ ಓದೋಕೆ ಬರೋದು ನನ್ನ ಹೆಂಡತಿಗೆ ಮಾತ್ರ. ಅವಳಿಗೆ ಎಲ್ಲ ಮೊದಲೇ ಗೊತ್ತು.

ನಾವಿರುವುದು ಟೆಕ್ಸಾಸ್‌ನಲ್ಲಿ, ಡಲ್ಲಾಸ್ ಪಕ್ಕದ ಊರು. ಮಗ ಔಟ್‌ಫೀಲ್ಡರ್, ದೂರದಲ್ಲಿ ನಿಲ್ಲುವ ಫೀಲ್ಡರ್, ನಿಜ ಹೇಳಬೇಕೆಂದರೆ ಜಾಸ್ತಿ ಹೊತ್ತು ಬೆಂಚ್ ಕಾಯುವವನು. ಸ್ಕೋರ್ ಬರೆಯಲು ಯಾರು ಬರುತ್ತೀರಿ ಅಂತ ಕೋಚ್ ಕೇಳಿದಾಗ ಎಲ್ಲರೂ ನನ್ನ ಮುಖ ನೋಡಿದರು. ಇಂಡಿಯಾದವನು, ಲೆಕ್ಕ ಬರುತ್ತೆ ಅನ್ನುವ ನಂಬಿಕೆ ಇರಬೇಕು. ಪಿಯುಸಿಯಲ್ಲಿ ನನಗೆ ಮ್ಯಾಥ್ಸ್‌ನಲ್ಲಿ ಬಂದ ಮಾರ್ಕ್ಸ್ ಅವರಿಗೇನು ಗೊತ್ತು. ಒಪ್ಪಿಕೊಂಡೆ. ಗೇಮ್‌ಚೇಂಜರ್ ಅನ್ನುವ ಆ್ಯಪ್ ಇದೆ, ಪ್ರತಿ ಪಿಚ್ ಆದಮೇಲೆ ಒತ್ತುತ್ತಾ ಹೋಗಬೇಕು, ಅಂಕಿಅಂಶ ಅದೇ ಕೂಡಿಸಿಕೊಳ್ಳುತ್ತೆ.

ಬೇಸ್‌ಬಾಲ್ ಗೊತ್ತಿಲ್ಲದವರಿಗೆ ಒಂದು ವಿಷಯ ಹೇಳಲೇಬೇಕು. ಕ್ರಿಕೆಟ್‌ನಲ್ಲಿ ಫೀಲ್ಡರ್ ಕಾಲಸಂದಿಯಲ್ಲಿ ಬಾಲ್ ಬಿಟ್ಟರೂ ರನ್ ಬ್ಯಾಟ್ಸ್‌ಮನ್‌ಗೇ. ಕ್ಯಾಚ್ ಬಿಟ್ಟರೆ ಸ್ಕೋರ್‌ಕಾರ್ಡ್‌ನಲ್ಲಿ ಅದರ ಗುರುತೇ ಉಳಿಯುವುದಿಲ್ಲ. ಬೇಸ್‌ಬಾಲ್ ಹಾಗಲ್ಲ. ಹೊಡೆದವನು ಓಡಿ ಬೇಸ್, ಅಂದರೆ ರನ್‌ಗಾಗಿ ಒಂದೊಂದಾಗಿ ಮುಟ್ಟಬೇಕಾದ ಗುರುತು, ತಲುಪಿದರೆ, ಅದು ಅವನ ಹೊಡೆತದ ಗುಣವೋ ಫೀಲ್ಡರ್‌ನ ತಪ್ಪೋ ಅಂತ ಯಾರೋ ಒಬ್ಬರು ತೀರ್ಮಾನ ಮಾಡಬೇಕು. ಹೊಡೆತ ಚೆನ್ನಾಗಿದ್ದರೆ ಹಿಟ್, ಫೀಲ್ಡರ್ ಎಡವಿದ್ದರೆ ಎರರ್. ಸಾಧಾರಣ ಪ್ರಯತ್ನದಲ್ಲಿ ಔಟ್ ಮಾಡಬಹುದಿತ್ತೇ, ಇಷ್ಟೇ ರೂಲ್‌ಬುಕ್ ಕೊಡುವ ಅಳತೆ. ಯಾವುದು ಸಾಧಾರಣ? ಅದು ಸ್ಕೋರರ್‌ನ ಕಣ್ಣಿಗೆ ಬಿಟ್ಟದ್ದು.

ದೊಡ್ಡ ವೃತ್ತಿಪರ ಆಟವಾದ ಮೇಜರ್ ಲೀಗ್‌ನಲ್ಲಿ ಈ ಕೆಲಸಕ್ಕೆ ಲೀಗ್‌ನವರೇ ಜನ ಇಟ್ಟಿದ್ದಾರೆ. ಅವರು ರೀಪ್ಲೇ ನೋಡುತ್ತಾರೆ, ಒಪ್ಪದ ತಂಡ ಅಪೀಲ್ ಹೋಗಬಹುದು. ಹೈಸ್ಕೂಲ್‌ನಲ್ಲಿ ಮಡಚುವ ಕುರ್ಚಿ ಮೇಲೆ ಕೂತ ಯಾರದೋ ಅಪ್ಪ. ತೊಡೆ ಮೇಲೆ ಐಪ್ಯಾಡ್, ಕೈಯಲ್ಲಿ ಸೂರ್ಯಕಾಂತಿ ಬೀಜದ ಪೊಟ್ಟಣ.

ಎರರ್ ಆಗಿದ್ದರಿಂದ ಬಂದ ರನ್ ಪಿಚರ್ ತಲೆಗೆ ಬರುವುದಿಲ್ಲ. ಪಿಚರ್‌ನ ಮರ್ಯಾದೆ ನಿಂತಿರುವುದು ಇಆರ್‌ಎ ಮೇಲೆ, ಅಂದರೆ ಅವನ ಲೆಕ್ಕಕ್ಕೆ ಹಿಡಿದ ರನ್ ಒಂದು ಆಟಕ್ಕೆ ಎಷ್ಟು ಅನ್ನುವುದರ ಮೇಲೆ. ಹೈಸ್ಕೂಲ್ ಆಟ 7 ಇನ್ನಿಂಗ್ಸ್, ಹಾಗಾಗಿ ಏಳರಿಂದ ಗುಣಿಸುತ್ತಾರೆ. ಎದುರಾಳಿ ಹೊಡೆದ ಒಂದು ಬಿರುಸಿನ ಬಾಲನ್ನು ನಾನು ಹಿಟ್ ಅಂತ ಬರೆದರೆ ನಮ್ಮ ಪಿಚರ್‌ಗೆ ಪೆಟ್ಟು. ಎರರ್ ಅಂತ ಬರೆದರೆ ಪಿಚರ್ ಬಚಾವ್. ಪೆಟ್ಟು ಬೀಳುವುದು ನಮ್ಮದೇ ತಂಡದ ಇನ್ನೊಬ್ಬ ಹುಡುಗನಿಗೆ.

ನಮ್ಮ ಪಿಚರ್ ಒಳ್ಳೆಯ ಪಿಚರ್. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಒಳ್ಳೆಯವನು ಅನ್ನುವುದಕ್ಕೂ ಅವನ ಸುತ್ತ ಎದ್ದ ಹವಾಗೂ ಬಹಳ ಅಂತರ ಇತ್ತು. ಬಾಲ್‌ನ ವೇಗ ಅಳೆಯುವ ರಾಡಾರ್ ಗನ್‌ನಲ್ಲಿ ಗಂಟೆಗೆ 84, 85 ಮೈಲಿ ಬರುತ್ತಿತ್ತು, ಅವರಪ್ಪನ ಬಾಯಲ್ಲಿ ಅದು 90. ಆ ಗನ್ ಕೂಡ ಅವರಪ್ಪನದ್ದೇ. ಬ್ಯಾಕ್‌ಸ್ಟಾಪ್ ಬಲೆಯ ಹಿಂದೆ, ನನ್ನ ಕುರ್ಚಿಗೆ ಎರಡು ಅಡಿ ದೂರದಲ್ಲಿ ನಿಲ್ಲುತ್ತಿದ್ದ. ಒಳ್ಳೆಯ ಮನುಷ್ಯ, ಪ್ರತಿ ಆಟಕ್ಕೂ ನನಗೊಂದು ಕಾಫಿ ತರುತ್ತಿದ್ದ. ಆ ಕಾಫಿಯ ಬಗ್ಗೆ ಈಗ ಯೋಚನೆ ಮಾಡುತ್ತೇನೆ.

ಮಾರ್ಚ್‌ನ ಒಂದು ಸಂಜೆ. ಚಳಿಗಾಳಿ. ಎದುರಾಳಿಯ ದಪ್ಪ ಹುಡುಗ ಹೊಡೆದ ಬಾಲ್ ನೆಲಕ್ಕೆ ಒಮ್ಮೆ ತಾಗಿ ಥರ್ಡ್ ಬೇಸ್ ಗೆರೆ ಹಿಡಿದು ಬಂತು. ಆ ಜಾಗಕ್ಕೆ ಇಲ್ಲಿ ಹಾಟ್ ಕಾರ್ನರ್ ಅನ್ನುತ್ತಾರೆ, ಸುಮ್ಮನೆ ಅಲ್ಲ. ನಮ್ಮ ಹುಡುಗ ಗೆರೆಯ ಕಡೆ ಹಾರಿದ. ಬಾಲ್ ಗ್ಲೋವ್‌ನ ತುದಿಗೆ ಬಡಿದು, ಮಣಿಕಟ್ಟಿಗೆ ತಾಗಿ, ಬೇಲಿಯ ಕಡೆ ಉರುಳಿತು. ಎರಡು ರನ್ ಬಂತು. ನನ್ನ ಕಣ್ಣಿಗೆ ಅದು ಹಿಟ್. ಬೇರೆ ಯಾವ ಹುಡುಗನಾದರೂ ಅದರ ಹತ್ತಿರ ಕೂಡ ಹೋಗುತ್ತಿರಲಿಲ್ಲ. ಹಿಂದಿನಿಂದ ಮೆತ್ತಗೆ ದನಿ ಬಂತು. ಅದು ಎರರ್ ಅಲ್ವಾ? ಹತ್ತಕ್ಕೆ ಒಂಬತ್ತು ಸಲ ಹಿಡೀತಾನೆ ಅವನು.

ಎರರ್ ಒತ್ತಿದೆ. ಸ್ಕ್ರೀನ್ ಮೇಲೆ ಇ-5 ಅಂತ ಮೂಡಿತು. ಇ ಅಂದರೆ ಎರರ್, 5 ಥರ್ಡ್ ಬೇಸ್‌ನವನ ಸಂಖ್ಯೆ.

ಒಂದು ಸಲ ಒತ್ತಿದ ಮೇಲೆ ಬೆರಳಿಗೆ ಅಭ್ಯಾಸ ಆಗಿಬಿಡುತ್ತೆ. ಸೀಸನ್ ಮುಗಿದಾಗ ಪಿಚರ್ 42 ಇನ್ನಿಂಗ್ಸ್ ಹಾಕಿದ್ದ, 14 ರನ್ ಬಂದಿತ್ತು. ಅದರಲ್ಲಿ 8 ರನ್ ಎರರ್ ಖಾತೆಗೆ ಹೋಗಿತ್ತು. ಉಳಿದದ್ದು 6. ಏಳರಿಂದ ಗುಣಿಸಿ 42ರಿಂದ ಭಾಗಿಸಿ, 1.00. ಎಂಥ ಚೆಂದದ ಅಂಕಿ ನೋಡಿ, ದೇವಸ್ಥಾನದ ಕಾಣಿಕೆ ಹಾಗೆ. ಹದಿನಾಲ್ಕೂ ಅವನ ಲೆಕ್ಕಕ್ಕೆ ಬಂದಿದ್ದರೆ 2.33. ಅದೂ ಒಳ್ಳೆಯ ಅಂಕಿಯೇ, ಆದರೆ ಸುದ್ದಿಯಾಗುವ ಅಂಕಿ ಅಲ್ಲ. ಇತ್ತ ಥರ್ಡ್ ಬೇಸ್ ಹುಡುಗನ ಹೆಸರಿನ ಮುಂದೆ 13 ಎರರ್. ಅದರಲ್ಲಿ ಆರು ನನ್ನವು.

ಇದರಲ್ಲಿ ಇನ್ನೊಂದು ಅನ್ಯಾಯ ಇದೆ, ಆಡಿದವರಿಗೆ ಮಾತ್ರ ಗೊತ್ತಾಗುವಂಥದ್ದು. ಬಾಲ್ ಹತ್ತಿರ ಹೋಗದವನಿಗೆ ಎರರ್ ಬರುವುದೇ ಇಲ್ಲ. ಮರದ ಹಾಗೆ ನಿಂತಿದ್ದರೆ ದಾಖಲೆ ಫಳಫಳ. ಹಾರಿ, ಬಿದ್ದು, ಗ್ಲೋವ್ ತಾಗಿಸಿದವನಿಗೇ ಎರರ್. ಹುಡುಗ ಎಷ್ಟು ಚುರುಕೋ ಅಷ್ಟು ಕೆಟ್ಟದಾಗಿ ಕಾಣುತ್ತಾನೆ.

ಈ ಪಟ್ಟಿ ಹೇಗೆ ಆಗುತ್ತೆ ಅಂತಲೂ ಹೇಳುತ್ತೇನೆ. ನಮ್ಮ ಡಿಸ್ಟ್ರಿಕ್ಟ್‌ನಲ್ಲಿ ಸೀಸನ್ ಮುಗಿದ ಮೇಲೆ ಕೋಚ್‌ಗಳೆಲ್ಲ ಒಂದು ಕಡೆ ಕೂರುತ್ತಾರೆ. ತಮ್ಮ ತಮ್ಮ ಹುಡುಗರ ಹೆಸರು ಮುಂದಿಡುತ್ತಾರೆ, ಓಟು ಹಾಕುತ್ತಾರೆ. ಬೇರೆ ಶಾಲೆಯ ಹುಡುಗನನ್ನು ಅವರು ನೋಡಿರುವುದು ಎರಡೇ ಆಟದಲ್ಲಿ. ಉಳಿದದ್ದೆಲ್ಲ ಮುಂದಿರುವ ಹಾಳೆ ಹೇಳಿದ್ದು. ಆ ಹಾಳೆ ಬಂದದ್ದು ನನ್ನಂಥ ಅಪ್ಪಂದಿರಿಂದ. ಜೊತೆಗೆ ಕೊಡುಕೊಳ್ಳುವ ವ್ಯವಹಾರ ಬೇರೆ. ನಮ್ಮ ಕೋಚ್ ಒಮ್ಮೆ ಬಾಯಿಬಿಟ್ಟಿದ್ದ, ನಿನ್ನ ಶಾರ್ಟ್‌ಸ್ಟಾಪ್‌ಗೆ ನಾನು ಹಾಕ್ತೀನಿ, ನನ್ನ ಪಿಚರ್‌ಗೆ ನೀನು ಹಾಕು. ಹೋದ ವರ್ಷ ಪಟ್ಟಿಯಲ್ಲಿದ್ದ ಹೆಸರು ಈ ವರ್ಷ ತಾನಾಗಿಯೇ ಬರುತ್ತೆ. ಒಮ್ಮೆ ಹೆಸರಾದರೆ ಸಾಕು, ಆಮೇಲೆ ಆ ಹೆಸರೇ ಆಡುತ್ತೆ. ನಮ್ಮೂರಲ್ಲಿ ಗಲ್ಲಿ ಕ್ರಿಕೆಟ್ ಆಡುವಾಗ ಬ್ಯಾಟ್ ಯಾರದ್ದೋ ಓಪನಿಂಗ್ ಅವನದ್ದೇ ಇತ್ತಲ್ವಾ? ಇಲ್ಲಿ ಬ್ಯಾಟ್ ಬದಲು ರಾಡಾರ್ ಗನ್.

ಕಾಲೇಜಿಗಾಗಿ ಇಷ್ಟೆಲ್ಲ ಅಂತ ಎಲ್ಲರೂ ಹೇಳುತ್ತಾರೆ. ಮೊನ್ನೆ ಮೊನ್ನೆವರೆಗೂ ಡಿವಿಷನ್ ಒಂದರ, ಅಂದರೆ ಮೇಲಿನ ದರ್ಜೆಯ ಕಾಲೇಜುಗಳ, ಬೇಸ್‌ಬಾಲ್ ತಂಡಕ್ಕೆ ಇದ್ದದ್ದು 11.7 ಸ್ಕಾಲರ್‌ಶಿಪ್. ಅದನ್ನೇ ಚೂರು ಚೂರು ಮಾಡಿ ಬಹಳ ಹುಡುಗರಿಗೆ ಹಂಚುತ್ತಿದ್ದರು. 2025-26ರಿಂದ ಹೊಸ ವ್ಯವಸ್ಥೆ ಒಪ್ಪಿದ ಕಾಲೇಜುಗಳಿಗೆ ಆ ಮಿತಿ ಇಲ್ಲ, ತಂಡದಲ್ಲಿ 34 ಜನ ಮಾತ್ರ ಅನ್ನುವ ಮಿತಿ ಬಂದಿದೆ. ಜಾಗ ಕಮ್ಮಿ, ಆಸೆ ಜಾಸ್ತಿ. ಆದರೆ ಕಾಲೇಜಿನ ಕೋಚ್‌ಗಳೇನು ದಡ್ಡರಲ್ಲ. ಅಪ್ಪಂದಿರು ಬರೆದ ಇಆರ್‌ಎ ಅವರಿಗೆ ಬೇಕಿಲ್ಲ, ಬಂದು ಕಣ್ಣಲ್ಲಿ ನೋಡುತ್ತಾರೆ, ತಮ್ಮದೇ ಗನ್ ತರುತ್ತಾರೆ.

ಹಾಗೆ ಕಣ್ಣಲ್ಲಿ ನೋಡಿದವರೂ ಎಡವಿದ್ದಾರೆ, ಅದು ಬೇರೆ ಮಾತು. ನಮ್ಮ ಪಕ್ಕದ ಆರ್ಲಿಂಗ್ಟನ್‌ನ ಮಾರ್ಟಿನ್ ಹೈಸ್ಕೂಲ್‌ನ ಪಿಚರ್ ಟಾಡ್ ವ್ಯಾನ್ ಪಾಪಲ್ 1990ರಲ್ಲಿ ದೇಶದ ನಂಬರ್ ಒನ್ ಹುಡುಗ ಅನ್ನಿಸಿಕೊಂಡಿದ್ದ. ಮೇಜರ್ ಲೀಗ್ ತಂಡಗಳು ಹೊಸ ಹುಡುಗರನ್ನು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ಮೊದಲ ಆಯ್ಕೆ ಅಟ್ಲಾಂಟಾ ಬ್ರೇವ್ಸ್‌ನದ್ದು. ನಾನು ಯೂನಿವರ್ಸಿಟಿಗೆ ಹೋಗುತ್ತೇನೆ ಅಂತ ಅವನು ಅಂದದ್ದಕ್ಕೆ ಅವರು ಚಿಪ್ಪರ್ ಜೋನ್ಸ್ ಅನ್ನುವ ಫ್ಲೋರಿಡಾ ಹುಡುಗನನ್ನು ತಗೊಂಡರು. ವ್ಯಾನ್ ಪಾಪಲ್‌ನನ್ನು 14ನೆಯವನಾಗಿ ಓಕ್‌ಲ್ಯಾಂಡ್ ಆರಿಸಿಕೊಂಡಿತು, ಅವನು ಅಲ್ಲಿಗೇ ಹೋದ. ಅವನ ವೃತ್ತಿ ಮುಗಿದದ್ದು 40 ಗೆಲುವು, 52 ಸೋಲಿಗೆ. ಚಿಪ್ಪರ್ ಜೋನ್ಸ್ 2018ರಲ್ಲಿ ಬೇಸ್‌ಬಾಲ್ ಮಹಾರಥಿಗಳ ಹಾಲ್ ಆಫ್ ಫೇಮ್ ಸೇರಿದ. ಮೈಕ್ ಪಿಯಾಜಾನ ಕಥೆ ಇದಕ್ಕೆ ತಿರುವುಮುರುವು. 1988ರಲ್ಲಿ 62ನೇ ಸುತ್ತಿನಲ್ಲಿ, 1,389 ಜನ ಆದಮೇಲೆ, ಅದೂ ಅವರಪ್ಪನಿಗೆ ಡಾಡ್ಜರ್ಸ್ ಮ್ಯಾನೇಜರ್ ಟಾಮಿ ಲಸೋರ್ಡಾ ಸ್ನೇಹಿತ ಅನ್ನುವ ದಾಕ್ಷಿಣ್ಯಕ್ಕೆ ಅವನನ್ನು ಆರಿಸಿದರು. ಅವನೂ 2016ರಲ್ಲಿ ಹಾಲ್ ಆಫ್ ಫೇಮ್ ಸೇರಿದ. ಅಪ್ಪನ ವಶೀಲಿ ಒಮ್ಮೊಮ್ಮೆ ಸರಿಯಾದ ಬಾಗಿಲನ್ನೂ ತಟ್ಟುತ್ತೆ, ಏನು ಮಾಡೋಣ.

ನನ್ನನ್ನು ಹೆಚ್ಚು ಕಾಡುವುದು ಡೇವಿಡ್ ಕ್ಲೈಡ್. ಹ್ಯೂಸ್ಟನ್ ಹುಡುಗ, ಪಿಚರ್. ಅವನ ಅಂಕಿ ಸುಳ್ಳಾಗಿರಲಿಲ್ಲ. ಹೈಸ್ಕೂಲ್ ಕೊನೆಯ ವರ್ಷ 18 ಗೆಲುವು, ಸೋಲು ಸೊನ್ನೆ. 1973ರಲ್ಲಿ ಟೆಕ್ಸಾಸ್ ರೇಂಜರ್ಸ್ ಅವನನ್ನು ಮೊದಲ ಆಯ್ಕೆಯಾಗಿ ತಗೊಂಡಿತು. ಸ್ಟೇಡಿಯಂಗೆ ಜನ ಬರುತ್ತಿರಲಿಲ್ಲ, ಹೆಸರಿದ್ದ ಹುಡುಗ ಸಿಕ್ಕಿದ. ಮೈನರ್ ಲೀಗ್‌ಗೆ ಕಳಿಸಿ ಪಳಗಿಸದೆ, ಶಾಲೆ ಮುಗಿದು ವಾರಗಳಷ್ಟೇ ಆಗಿದ್ದಾಗ, ಜೂನ್ 27ಕ್ಕೆ ನೇರ ಮೇಜರ್ ಲೀಗ್ ಮೈದಾನಕ್ಕೆ ಇಳಿಸಿದರು. ಸ್ಟೇಡಿಯಂ ಭರ್ತಿ. ಅವತ್ತು ಗೆದ್ದ ಕೂಡ. ಆದರೆ ಹುಡುಗನಿಗೆ ಇನ್ನೂ 18 ವರ್ಷ. ಇಡೀ ವೃತ್ತಿಯಲ್ಲಿ ಅವನಿಗೆ ಸಿಕ್ಕಿದ್ದು 18 ಗೆಲುವು, 33 ಸೋಲು. ಹೆಸರು ಹುಡುಗನದ್ದು, ಟಿಕೆಟ್ ದುಡ್ಡು ಬೇರೆಯವರದ್ದು. ನಮ್ಮ ಪಿಚರ್‌ನ ಮುಖ ನೋಡಿದಾಗ ಇದು ನೆನಪಾಗುತ್ತೆ. 1.00 ಅಂತ ಅವನಿಗೂ ಗೊತ್ತು, ಅದು ನಿಜವಲ್ಲ ಅಂತ ಮಾತ್ರ ಗೊತ್ತಿಲ್ಲ. ಮುಂದೆ ಯಾವುದೋ ಕಾಲೇಜಿನ ಮೈದಾನದಲ್ಲಿ ಅಪ್ಪ ಹಿಂದೆ ಇರದ ಸ್ಕೋರರ್ ಸಿಗುತ್ತಾನೆ.

ಆದರೂ ಪಿಚರ್‌ಗೆ ಇನ್ನೂ ಹತ್ತು ಪಟ್ಟಿ ಬರುತ್ತವೆ. ಥರ್ಡ್ ಬೇಸ್ ಹುಡುಗನಿಗೆ ಇದೇ ಕೊನೆಯದು. ಅವನು ಕಾಲೇಜಿನಲ್ಲಿ ಆಡುವುದಿಲ್ಲ, ಮಾವನ ಜೊತೆ ಏಸಿ ರಿಪೇರಿ ಕೆಲಸಕ್ಕೆ ಹೋಗುತ್ತಾನಂತೆ. ಇಲ್ಲಿ ಮಕ್ಕಳು ಲೆಟರ್ ಜಾಕೆಟ್ ಅಂತ ಹಾಕುತ್ತಾರೆ, ಆಲ್-ಡಿಸ್ಟ್ರಿಕ್ಟ್ ಬಂದರೆ ಅದರ ಮೇಲೆ ಒಂದು ಪ್ಯಾಚ್ ಹೊಲಿಸುತ್ತಾರೆ. ಅಂಗೈ ಅಗಲದ ಬಟ್ಟೆ. ಅಷ್ಟೇ ಅವನಿಗೆ ಸಿಗಬೇಕಾಗಿದ್ದದ್ದು.

ಏಪ್ರಿಲ್‌ನಲ್ಲಿ ಒಂದು ದಿನ ಆಟ ಮುಗಿದ ಮೇಲೆ ಅವನು ನನ್ನ ಹತ್ತಿರ ಬಂದ. ಜಗಳಕ್ಕೆ ಬಂದ ಅಂದುಕೊಂಡೆ. ಟೋಪಿ ತೆಗೆದು, ಟೆಕ್ಸಾಸ್ ಹುಡುಗರ ಹಾಗೆ ಸರ್ ಅಂದು ಕೇಳಿದ, ನಾಲ್ಕನೇ ಇನ್ನಿಂಗ್ಸ್‌ನ ಎರರ್‌ನಲ್ಲಿ ನಾನು ಎಲ್ಲಿ ತಪ್ಪಿದೆ? ನಿಮಗೆ ಇಲ್ಲಿಂದ ಚೆನ್ನಾಗಿ ಕಂಡಿರುತ್ತೆ. ಅವನು ನಾನು ಬರೆದ ಲೆಕ್ಕವನ್ನು ನಂಬಿದ್ದ. ನಾನೇನೋ ಮೊಣಕಾಲು ಇನ್ನೂ ಬಗ್ಗಿಸಬೇಕು ಅಂತ ಬಾಯಿಗೆ ಬಂದದ್ದು ಹೇಳಿದೆ. ಮರುದಿನ ಮಗನನ್ನು ಕರೆತರಲು ಹೋದಾಗ ಅವನೊಬ್ಬನೇ ಗೋಡೆಗೆ ಬಾಲ್ ಎಸೆದು, ಮೊಣಕಾಲು ಬಗ್ಗಿಸಿ ಹಿಡಿಯುತ್ತಿದ್ದ.

ಹೆತ್ತವರಿಗೆ ಹೆಗ್ಗಣ ಮುದ್ದು ಅಂತ ಸುಮ್ನೆ ಹೇಳಲಿಲ್ಲ. ನನ್ನ ಮಗ ಹೊಡೆದ ಒಂದು ಬಾಲ್ ಎದುರಾಳಿ ಶಾರ್ಟ್‌ಸ್ಟಾಪ್‌ನ ಕಾಲಸಂದಿಯಲ್ಲಿ ಹೋಗಿತ್ತು. ಅದನ್ನು ಹಿಟ್ ಅಂತ ಬರೆದವನೂ ನಾನೇ. ಆದರೆ ಥರ್ಡ್ ಬೇಸ್ ಹುಡುಗ ಯಾರಿಗೂ ಹೆಗ್ಗಣವೂ ಆಗಲಿಲ್ಲ. ಅವರಪ್ಪ ಸಂಜೆ ಪಾಳಿಯವನು, ಬೇಲಿಯ ಹತ್ತಿರ ನಿಲ್ಲಲು ಬರುತ್ತಿರಲಿಲ್ಲ.

ಮುಗಿದ ಆಟವನ್ನೂ ಆ ಆ್ಯಪ್‌ನಲ್ಲಿ ತಿದ್ದಬಹುದು. ನಿನ್ನೆ ರಾತ್ರಿ ಎಲ್ಲರೂ ಮಲಗಿದ ಮೇಲೆ ಐಪ್ಯಾಡ್ ತೆಗೆದೆ. ಆರು ಇ-5ಗಳನ್ನು ಒಂದೊಂದಾಗಿ ಹುಡುಕಿ ಹಿಟ್ ಮಾಡಿದೆ. ಮಗನ ಹಿಟ್ ಎರರ್ ಆಯಿತು. ಹುಡುಗನ ಎರರ್ 13 ಇದ್ದದ್ದು 7ಕ್ಕೆ ಇಳಿಯಿತು. ಐದು ರನ್ ಪಿಚರ್ ಖಾತೆಗೆ ವಾಪಸ್ ಹೋಗಿ 1.00 ಇದ್ದದ್ದು 1.83 ಆಯಿತು. ಇದರಿಂದ ಪಟ್ಟಿ ಬದಲಾಗುವುದಿಲ್ಲ ಅಂತ ನನಗೂ ಗೊತ್ತು.

ಬೆಳಿಗ್ಗೆ ಆರೂವರೆಗೆ ಪಿಚರ್ ಅಪ್ಪನ ಮೆಸೇಜ್. ಆ್ಯಪ್‌ನಲ್ಲಿ ಏನೋ ತೊಂದರೆ ಆಗಿದೆ, ಸ್ವಲ್ಪ ನೋಡು ಅಂತ. ತೊಂದರೆ ಅಲ್ಲ ಅಂತ ಬರೆದು, ಯಾವ ಆಟ, ಯಾವ ಇನ್ನಿಂಗ್ಸ್ ಅಂತ ಆರನ್ನೂ ಪಟ್ಟಿ ಮಾಡಿ ಅವನಿಗೂ ಕೋಚ್‌ಗೂ ಕಳಿಸಿದೆ. ಅಪ್ಪನ ಕಡೆಯಿಂದ ಉತ್ತರ ಇಲ್ಲ. ಕೋಚ್ ಒಂದು ಥಂಬ್ಸ್ ಅಪ್ ಹಾಕಿದ್ದಾನೆ. ಓದಿ ಹಾಕಿದನೋ, ಓದದೆ ಹಾಕಿದನೋ.