ನೆಲದಡಿ ಎಣ್ಣೆ ಇದ್ದರೆ ಸಾಕಾ?

ತೈಲದ ಬೆಲೆ ಏರಿದಾಗಲೆಲ್ಲ ಒಂದು ಮಾತು ಕೇಳಿಬರುತ್ತದೆ. ನಮ್ಮ ನೆಲದಲ್ಲೇ ಜಾಸ್ತಿ ಎಣ್ಣೆ ತೆಗೆದುಬಿಟ್ಟರೆ ಯಾರ ಹಂಗೂ ಬೇಕಿಲ್ಲ ಅಂತ. ನಾನು ಇದನ್ನು ಒಪ್ಪುವುದಿಲ್ಲ.

ಅಮೆರಿಕವನ್ನೇ ನೋಡಿ. ಶೇಲ್ ತೈಲದ, ಅಂದರೆ ನೆಲದಾಳದ ಗಟ್ಟಿ ಬಂಡೆ ಪದರಗಳನ್ನು ಒಡೆದು ತೆಗೆಯುವ ಎಣ್ಣೆಯ ಬಲದಿಂದ 2018ರಲ್ಲೇ ಅದು ಕಚ್ಚಾ ತೈಲ ತೆಗೆಯುವುದರಲ್ಲಿ ಜಗತ್ತಿಗೇ ಮೊದಲಾಯಿತು. ಆದರೂ ರಷ್ಯಾ ಉಕ್ರೇನ್ ಮೇಲೆ ನುಗ್ಗಿದ ವರ್ಷ, 2022ರ ಜೂನ್‌ನಲ್ಲಿ, ಅಲ್ಲಿನ ಪೆಟ್ರೋಲಿನ ಸರಾಸರಿ ಬೆಲೆ ಗ್ಯಾಲನ್‌ಗೆ 5 ಡಾಲರ್ ದಾಟಿತು. ಹೊರಗಿನವರು ಹೆಚ್ಚು ಬೆಲೆ ಕೊಡಲು ನಿಂತಿರುವಾಗ ಟೆಕ್ಸಾಸಿನ ಕಂಪನಿ ತನ್ನವರಿಗೆ ಅಂತ ಅಗ್ಗಕ್ಕೆ ಮಾರುತ್ತದಾ? ಬಾವಿ ಯಾರದ್ದೇ ಇರಲಿ, ಬೆಲೆ ಇಡೀ ಜಗತ್ತಿನದು.

ಇರಾನ್ ಮತ್ತು ಒಮಾನ್ ನಡುವೆ, ಕೊಲ್ಲಿ ದೇಶಗಳ ತೈಲ ಹಡಗುಗಳು ಹೊರಬರುವ ಹೊರ್ಮುಜ್ ಜಲಸಂಧಿಯ ವಿಷಯವೂ ಹೀಗೇ. ತೀರಾ ಕಿರಿದಾದ ಕಡೆ ಅದರ ಅಗಲ ಸುಮಾರು 33 ಕಿಲೋಮೀಟರ್. 2024ರಲ್ಲಿ ದಿನಕ್ಕೆ ಸುಮಾರು 2 ಕೋಟಿ ಬ್ಯಾರೆಲ್ ತೈಲ ಅಲ್ಲಿಂದ ಹಾದುಹೋಯಿತು. ಅಂದರೆ ಜಗತ್ತು ಬಳಸುವುದರಲ್ಲಿ ಐದನೇ ಒಂದು ಪಾಲು. ಸೌದಿ ಅರೇಬಿಯಾ, ಯುಎಇ ಬೇರೆ ದಾರಿಗೆ ಪೈಪ್‌ಲೈನ್ ಹಾಕಿಕೊಂಡಿವೆ, ಆದರೆ ಅಷ್ಟನ್ನೂ ಸಾಗಿಸಲು ಅವು ಸಾಲುವುದಿಲ್ಲ. ಅಲ್ಲಿ ಹಡಗು ನಿಂತರೆ, ಅಲ್ಲಿಂದ ಒಂದು ಹನಿಯೂ ತರಿಸದ ದೇಶದಲ್ಲೂ ಬೆಲೆ ಏರುತ್ತದೆ. ತುರ್ತು ದಾಸ್ತಾನು ಬೇಕೇ ಬೇಕು, ಆದರೆ ಅದು ಕೊಡುವುದು ಸ್ವಲ್ಪ ಸಮಯ ಮಾತ್ರ.

ಹಾಗಾದರೆ ದಾರಿ ಯಾವುದು? ಎಣ್ಣೆಯ ಅಗತ್ಯವನ್ನೇ ತಗ್ಗಿಸುವುದು. ಇದು ಸುಮ್ನೆ ಆಸೆಯ ಮಾತಲ್ಲ, ಒಮ್ಮೆ ಆಗಿದೆ. 1973ರಲ್ಲಿ ಅರಬ್ ದೇಶಗಳು ತೈಲ ತಡೆದಾಗ ಕೆಲವೇ ತಿಂಗಳಲ್ಲಿ ಬೆಲೆ ಹೆಚ್ಚುಕಡಿಮೆ ನಾಲ್ಕು ಪಟ್ಟಾಯಿತು. ಆಗ ಜಗತ್ತಿನ ಕರೆಂಟಿನಲ್ಲಿ ಕಾಲು ಭಾಗ ತೈಲ ಸುಟ್ಟೇ ಬರುತ್ತಿತ್ತು. ಈಗ ಅದು ಶೇ. 3ಕ್ಕಿಂತ ಕಡಿಮೆ. ಫ್ರಾನ್ಸ್ ಮರುವರ್ಷವೇ ಅಣುವಿದ್ಯುತ್ತಿನ ದೊಡ್ಡ ಯೋಜನೆಗೆ ಕೈಹಾಕಿತು. ಹಲವು ಕಡೆ ಕಲ್ಲಿದ್ದಲು ಹೆಚ್ಚಾಯಿತು, ಅದರ ಬೆಲೆಯನ್ನು ನಾವು ಇವತ್ತಿಗೂ ತೆರುತ್ತಿದ್ದೇವೆ.

ಉಳಿದಿರುವ ದೊಡ್ಡ ಪಾಲು ವಾಹನಗಳದ್ದು. ನಾರ್ವೆ ತಾನೇ ತೈಲ ಮಾರುವ ದೇಶ. ಆದರೂ 2024ರಲ್ಲಿ ಅಲ್ಲಿ ಮಾರಾಟವಾದ ಹತ್ತು ಹೊಸ ಕಾರುಗಳಲ್ಲಿ ಸುಮಾರು ಒಂಬತ್ತು ಪೂರ್ತಿ ಎಲೆಕ್ಟ್ರಿಕ್. ವರ್ಷಗಟ್ಟಲೆ ತೆರಿಗೆ ವಿನಾಯಿತಿ ಕೊಟ್ಟು, ಪಟ್ಟುಹಿಡಿದು ಮಾಡಿದ ಕೆಲಸ ಅದು.

"ಬ್ಯಾಟರಿಗೆ ಚೀನಾ ಮುಂದೆ ಕೈ ಒಡ್ಡಬೇಕಲ್ವಾ?" ಅಂತ ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಆದರೆ ನಾಳೆ ಚೀನಾ ಬ್ಯಾಟರಿ ಕಳಿಸುವುದನ್ನು ನಿಲ್ಲಿಸಿದರೆ ಹೊಸ ಕಾರು ಬರುವುದು ತಡವಾಗುತ್ತದೆ, ರಸ್ತೆಯಲ್ಲಿರುವ ಕಾರು ಓಡುತ್ತಲೇ ಇರುತ್ತದೆ. ತೈಲ ನಿಂತರೆ ಕೆಲವೇ ವಾರಗಳಲ್ಲಿ ರಸ್ತೆಯಲ್ಲಿರುವ ಪೆಟ್ರೋಲ್ ಕಾರೂ ನಿಲ್ಲುತ್ತದೆ.