ಸಬ್‌ಲೋಡ್ ದಂಪತಿಯ ದೆಹಲಿ ಯಾತ್ರೆ

ನಮ್ಮ ಮಗಳು ಗಗನಸಖಿಯಾಗಿ ಕೆಲಸಕ್ಕೆ ಸೇರಿದ ದಿನದಿಂದ ಬಂಧುವರ್ಗದಲ್ಲಿ ನಮ್ಮ ಬಗ್ಗೆ ಒಂದು ಅಭಿಪ್ರಾಯ ಬೇರೂರಿಬಿಟ್ಟಿದೆ. ನಾವಿಬ್ಬರೂ ಬೆಳಗಿನ ತಿಂಡಿಗೆ ಮುಂಬಯಿಗೂ ಸಂಜೆಯ ಕಾಫಿಗೆ ಕೊಚ್ಚಿಗೂ ಪುಕ್ಕಟೆಯಾಗಿ ಹಾರಾಡಿಕೊಂಡಿರುತ್ತೇವೆ ಎಂಬುದೇ ಆ ಅಭಿಪ್ರಾಯ. "ನಿಮಗೇನು ಭಾವ, ನಾವು ಮೆಜೆಸ್ಟಿಕ್ಕಿಗೆ ಹೋಗಿ ಬರುವ ಖರ್ಚಿನಲ್ಲಿ ನೀವು ದೆಹಲಿ ನೋಡಿ ಬರುತ್ತೀರಿ" ಎಂದು ನನ್ನ ಬಾಮೈದ ಪ್ರತಿ ಹಬ್ಬದ ಊಟದಲ್ಲೂ, ಸರಿಯಾಗಿ ಪಾಯಸ ಬಡಿಸುವ ಹೊತ್ತಿಗೆ, ಹೇಳುತ್ತಾನೆ. ಅವನ ಮಗನಿಗೂ ಒಂದು ಟಿಕೆಟ್ ಮಾಡಿಸಿಕೊಡಬೇಕೆಂಬ ಕೋರಿಕೆ ಅದರ ಹಿಂದೆಯೇ ಬರುತ್ತದೆ. ಗಂಡ, ಹೆಂಡತಿ, ಮಕ್ಕಳು, ತಂದೆತಾಯಿ ಎಂದು ಕಂಪನಿಯಲ್ಲಿ ಮೊದಲೇ ಬರೆಸಿಕೊಟ್ಟ ಹೆಸರುಗಳನ್ನು ಬಿಟ್ಟು ಬೇರೆಯವರಿಗೆ ಈ ಸೌಲಭ್ಯ ದಾಟಿಸಿದರೆ ಮಗಳ ಕೆಲಸವೇ ಹೋಗಬಹುದೆಂದು ನಾನು ವಿವರಿಸಿದರೆ, ಅವನು ಪಾಯಸದ ಕಡೆಗೆ ಗಮನ ಹರಿಸುತ್ತಾನೆ.

ಈ ಟಿಕೆಟ್ಟಿಗೆ ಸಿಬ್ಬಂದಿಯ ಭಾಷೆಯಲ್ಲಿ 'ಸಬ್‌ಲೋಡ್' ಎಂದು ಹೆಸರು. ಮೂಲ ದರದ ಬಹುಪಾಲು ಮಾಫಿ. ತೆರಿಗೆ, ವಿಮಾನ ನಿಲ್ದಾಣದ ಶುಲ್ಕ ನಮ್ಮದು. ಸೀಟು ಮಾತ್ರ ಯಾರದೂ ಅಲ್ಲ. ಹಣ ಕೊಟ್ಟವರೆಲ್ಲ ಹತ್ತಿದ ಮೇಲೆ ಜಾಗ ಉಳಿದರೆ ಕರೆಯುತ್ತಾರೆ. ಕಲ್ಯಾಣ ಮಂಟಪದ ಊಟದ ಮನೆಯಲ್ಲಿ ಮೊದಲ ಪಂಕ್ತಿಯವರ ಕುರ್ಚಿಯ ಹಿಂದೆ ನಿಂತು, ಮುಂದಿನವರು ಸಾರಿನಲ್ಲಿದ್ದಾರೋ ಮಜ್ಜಿಗೆಗೆ ಬಂದರೋ ಎಂದು ಇಣುಕಿ ನೋಡುವವರನ್ನು ನೀವು ಕಂಡಿರುತ್ತೀರಿ. ಆ ನಿಲುವಿಗೆ ರೆಕ್ಕೆ ಕಟ್ಟಿದರೆ ಅದೇ ಸಬ್‌ಲೋಡ್. ಕಾಯುವವರಲ್ಲೂ ಶ್ರೇಣಿಯುಂಟು. ಕೆಲಸದ ಮೇಲೆ ಹೊರಟ ಸಿಬ್ಬಂದಿ ಎಲ್ಲರಿಗಿಂತ ಮೊದಲು, ಆಮೇಲೆ ರಜೆಯ ಮೇಲೆ ಹೊರಟವರು, ಅವರಲ್ಲೂ ಕೆಲಸಕ್ಕೆ ಸೇರಿದ ತಾರೀಕಿನ ಪ್ರಕಾರ ಹಿರಿತನ. ನಮ್ಮ ಮಗಳಿಗೆ ಇನ್ನೂ ನಾಲ್ಕೇ ವರ್ಷದ ಸರ್ವಿಸು. ಆದ್ದರಿಂದ 31 ವರ್ಷ ಪ್ರೌಢಶಾಲೆಯಲ್ಲಿ ಗಣಿತ ಬೋಧಿಸಿ ನಿವೃತ್ತನಾದ ನಾನು ಆ ಪಟ್ಟಿಯಲ್ಲಿ ಕಿರಿಯರಲ್ಲಿ ಕಿರಿಯ. 'ಝೆಡ್' ಎಂಬ ಒಪ್ಪಂದದಡಿ ಅಗ್ಗದ ದರದಲ್ಲಿ ಬರುವ ಬೇರೆ ವಿಮಾನ ಕಂಪನಿಗಳ ಸಿಬ್ಬಂದಿ ನಮಗಿಂತಲೂ ಹಿಂದೆ ನಿಲ್ಲುತ್ತಾರೆ ಎಂದು ತಿಳಿದ ದಿನ ಮನಸ್ಸಿಗೆ ಅಲ್ಪ ಸಮಾಧಾನವಾದದ್ದನ್ನು ಮುಚ್ಚಿಡುವುದಿಲ್ಲ.

ಹೊರಡುವ ಮೊದಲು ಮಗಳು ನಮ್ಮಿಬ್ಬರನ್ನೂ ಸೋಫಾದ ಮೇಲೆ ಕೂರಿಸಿ ಪಾಠ ಹೇಳಿದಳು. ಹವಾಯಿ ಚಪ್ಪಲಿ ಕೂಡದು, ಇಸ್ತ್ರಿಯಿಲ್ಲದ ಅಂಗಿ ಕೂಡದು, ಕೈಚೀಲ ಬಿಟ್ಟು ಬೇರೆ ಸಾಮಾನು ಬೇಡ, ಕೌಂಟರಿನಲ್ಲಿ ಎಷ್ಟು ಹೊತ್ತು ನಿಲ್ಲಿಸಿದರೂ ದನಿ ಏರಿಸುವಂತಿಲ್ಲ. ಕೊನೆಯದಾಗಿ ತಾಯಿಯ ಕಡೆಗೆ ತಿರುಗಿ, "ಅಮ್ಮಾ, ಮುಖ್ಯವಾಗಿ ನಿನಗೆ ಹೇಳುತ್ತಿದ್ದೇನೆ, ಮಗಳು ಇದೇ ಕಂಪನಿಯಲ್ಲಿದ್ದಾಳೆ ಎಂದು ಪಕ್ಕದ ಸೀಟಿನವರ ಹತ್ತಿರ ಬಾಯಿ ಬಿಡಬಾರದು" ಎಂದಳು. ತರಕಾರಿ ಗಾಡಿಯವನಿಂದ ಹಿಡಿದು ದೇವಸ್ಥಾನದ ಅರ್ಚಕರವರೆಗೆ ಎಲ್ಲರಿಗೂ ಈ ಸುದ್ದಿಯನ್ನು ತಲುಪಿಸಿ ಮುಗಿಸಿದ್ದ ನನ್ನ ಹೆಂಡತಿಗೆ ಈ ಕೊನೆಯ ನಿಯಮ ಏಕಾದಶಿಯ ಉಪವಾಸಕ್ಕಿಂತ ಕಠಿಣವಾಗಿ ಕಂಡಿತು.

ನಮ್ಮ ಮೊದಲ ಪ್ರಯತ್ನ ಮಂಗಳೂರಿಗೆ, ಜುಲೈ ತಿಂಗಳ ಜಡಿಮಳೆಯಲ್ಲಿ. ಅದನ್ನು ವಿವರಿಸಲು ಹೆಚ್ಚೇನೂ ಇಲ್ಲ, ಏಕೆಂದರೆ ನಾವು ಹೋಗಲೇ ಇಲ್ಲ. ವಿಮಾನದಲ್ಲಿ ಸೀಟು ಖಾಲಿ ಇವೆಯೆಂದು ಕೌಂಟರಿನ ಹುಡುಗನೇ ಒಪ್ಪಿಕೊಂಡ. ಆದರೆ ಬಜ್ಪೆಯ ರನ್‌ವೇ ಗುಡ್ಡದ ನೆತ್ತಿಯ ಮೇಲಿನದು, ಮಳೆಗೆ ಒದ್ದೆಯಾಗಿದೆ, ಅಲ್ಲಿ ಇಳಿಯಲಾಗದಿದ್ದರೆ ಹಿಂದಿರುಗಲು ಹೆಚ್ಚಿನ ಇಂಧನ ತುಂಬಿಸಿದ್ದಾರೆ, ಹೀಗಾಗಿ ಇವತ್ತು ತೂಕದ ಮಿತಿ ಇದೆ ಎಂದು ಬಹಳ ವಿನಯದಿಂದ ಹೇಳಿದ. 'ತೂಕ' ಎಂಬ ಶಬ್ದ ಕಿವಿಗೆ ಬಿದ್ದೊಡನೆ ನನ್ನ ಹೆಂಡತಿ ನನ್ನ ಹೊಟ್ಟೆಯ ಕಡೆಗೆ ಬೀರಿದ ನೋಟವನ್ನು ಮಾತ್ರ ನಾನು ಇಂದಿಗೂ ಮರೆತಿಲ್ಲ.

ಎರಡನೆಯದೇ ದೆಹಲಿ. ಅಲ್ಲಿ ನನ್ನ ಅಣ್ಣನ ಮಗ ಸಂಸಾರ ಹೂಡಿದ್ದಾನೆ. ಡಿಸೆಂಬರ್ ಕೊನೆಯ ವಾರದ ಒಂದು ಮುಂಜಾನೆ ಬನಶಂಕರಿಯಿಂದ ವಾಯುವಜ್ರ ಬಸ್ಸು ಹಿಡಿದು ದೇವನಹಳ್ಳಿಯ ನಿಲ್ದಾಣ ಸೇರಿದಾಗ, ವಿಮಾನ ಭರ್ತಿಯಾಗಿದೆ, ಯಾರಾದರೂ ಬಾರದೆ ಉಳಿದರೆ ನೋಡೋಣ ಎಂದರು. ಕೌಂಟರು ಮುಚ್ಚುವುದು ವಿಮಾನ ಹೊರಡುವ ಒಂದು ಗಂಟೆ ಮೊದಲು. ಅದಕ್ಕೆ ಉಳಿದಿದ್ದ ನಲವತ್ತು ನಿಮಿಷ ಕುಳಿತಲ್ಲೇ ನಾನು ಎಂಥ ಮನುಷ್ಯನಾದೆನೆಂದರೆ, 2008ರಲ್ಲಿ ಈ ನಿಲ್ದಾಣ ತೆರೆದಾಗಿನಿಂದ ಯಾವ ಹೆಬ್ಬಾಳದ ಟ್ರಾಫಿಕ್ಕಿಗೆ ಹಿಡಿಶಾಪ ಹಾಕಿಕೊಂಡು ಬಂದಿದ್ದೆನೋ, ಅದೇ ಹೆಬ್ಬಾಳದ ಫ್ಲೈಓವರಿನ ಮೇಲೆ ಒಂದು ಲಾರಿ ಕೆಟ್ಟು ನಿಲ್ಲಲಿ ಎಂದು ಮನೆದೇವರಿಗೆ ಮೊರೆಯಿಟ್ಟೆ. ಲಾರಿ ನಿಂತಿತೋ ಇಲ್ಲವೋ, ಮೂವರು ಬರಲಿಲ್ಲ. ನಮಗೆ ಬೋರ್ಡಿಂಗ್ ಪಾಸ್ ಕೈಗೆ ಬಂದ ಐದೇ ನಿಮಿಷಕ್ಕೆ ಬೆವರು ಸುರಿಸುತ್ತ ಓಡಿಬಂದ ಒಬ್ಬ ಹಿರಿಯರು ಮುಚ್ಚಿದ ಕೌಂಟರಿನ ಮುಂದೆ, "ಹೆಬ್ಬಾಳದಲ್ಲಿ ಒಂದು ಗಂಟೆ ನಿಂತಿದ್ದೇನೆ ಸ್ವಾಮಿ" ಎಂದು ಅಂಗಲಾಚುತ್ತಿದ್ದರು. ನಾನು ಅವರ ಮುಖ ನೋಡಲಿಲ್ಲ. ಮನೆದೇವರು ಇಷ್ಟು ಚುರುಕಾಗಿ ಕೆಲಸ ಮಾಡಿದ್ದು ಅದೊಂದೇ ಸಲ.

ಹಿಂದಿರುಗುವಾಗ ದೇವರೂ ಕೈಬಿಟ್ಟ. ಜನವರಿಯ ಮೊದಲ ವಾರದ ದೆಹಲಿಯ ಮಂಜಿನ ವಿಷಯ ಪತ್ರಿಕೆಯಲ್ಲಿ ಓದಿ ತಿಳಿದಿದ್ದೆ. ಮಂಜಿಗೂ ನನ್ನ ಸೀಟಿಗೂ ಇರುವ ಸಂಬಂಧ ತಿಳಿದದ್ದು ಆಮೇಲೆ. ಮಂಜಿನಲ್ಲಿ ಇಳಿಯಲು ನಿಲ್ದಾಣದ ಉಪಕರಣವಷ್ಟೇ ಸಾಲದು, ವಿಮಾನಕ್ಕೂ ಪೈಲಟ್ಟಿಗೂ ಅದಕ್ಕೆ ತಕ್ಕ ಅರ್ಹತೆ ಇರಬೇಕು. ಇಲ್ಲದವು ಬೇರೆ ಊರಿಗೆ ತಿರುಗುತ್ತವೆ, ಇಲ್ಲವೇ ರದ್ದಾಗುತ್ತವೆ. ರದ್ದಾದ ವಿಮಾನದ ಪ್ರಯಾಣಿಕರೆಲ್ಲ ಮುಂದಿನ ವಿಮಾನಗಳಿಗೆ ಹಂಚಿಹೋಗುತ್ತಾರೆ. ಹೀಗೆ ಒಂದು ವಿಮಾನ ರದ್ದಾದರೆ ಸಬ್‌ಲೋಡಿನವರ ಪಾಲಿಗೆ ಮುಂದಿನ ನಾಲ್ಕು ವಿಮಾನಗಳು ರದ್ದಾದಂತೆ.

ಮೊದಲ ದಿನ ಹೊರಡುವಾಗ ಅಣ್ಣನ ಸೊಸೆ ನನ್ನ ಹೆಂಡತಿಗೆ ಅರಿಶಿನ ಕುಂಕುಮ, ಎಲೆ ಅಡಿಕೆ, ರವಿಕೆ ಕಣ ಕೊಟ್ಟು ಕಣ್ಣೊದ್ದೆ ಮಾಡಿಕೊಂಡು ಕಳಿಸಿದಳು. ಸಂಜೆ ನಾವು ಮರಳಿ ಬಂದೆವು. ಎರಡನೆಯ ದಿನ ಬರೀ ಕುಂಕುಮ. ಮೂರನೆಯ ದಿನ ಒಲೆಯ ಮುಂದಿನಿಂದಲೇ "ಹೋಗಿ ಬನ್ನಿ" ಎಂದಳು; ನಾವು ಮಲಗಿದ್ದ ಹಾಸಿಗೆಯನ್ನು ಅವಳು ಸುತ್ತಿಡದೆ ಹಾಗೆಯೇ ಬಿಟ್ಟದ್ದನ್ನು ನನ್ನ ಹೆಂಡತಿ ಗಮನಿಸಿದ್ದಳು.

ಆ ಮೂರನೆಯ ದಿನವೇ ಭದ್ರತಾ ತಪಾಸಣೆ ಮುಗಿಸಿ ಗೇಟಿನವರೆಗೂ ತಲುಪಿದ್ದೆವು. ಎಲ್ಲರೂ ಹತ್ತಿದ ಮೇಲೆ ಅಲ್ಲಿದ್ದ ಹುಡುಗಿ ನಮ್ಮ ಹೆಸರು ಕರೆದು, "ಅಂಕಲ್, ಒಂದೇ ಒಂದು ಸೀಟಿದೆ, ಯಾರು ಹೋಗುತ್ತೀರಿ? ಬೇಗ ಹೇಳಿ" ಎಂದಳು. 38 ವರ್ಷದ ದಾಂಪತ್ಯದಲ್ಲಿ ನಾವು ಒಬ್ಬರಿಗೊಬ್ಬರು ಯಾವ ವಿಷಯವನ್ನೂ ಸುಲಭವಾಗಿ ಬಿಟ್ಟುಕೊಟ್ಟವರಲ್ಲ. ಅಂದು ಮಾತ್ರ ಏನು ಮಾಯೆ ಕವಿಯಿತೋ ಕಾಣೆ. "ನೀನು ಹೋಗು, ನಿನಗೆ ಮೊಣಕಾಲು ನೋವು" ಎಂದೆ ನಾನು. "ನೀವು ಹೋಗ್ರೀ, ನಿಮ್ಮ ಬಿಪಿ ಮಾತ್ರೆ ಮುಗಿದಿದೆ" ಎಂದಳು ಅವಳು. "ನಿನ್ನನ್ನು ಈ ಚಳಿಯಲ್ಲಿ ಬಿಟ್ಟು ಹೇಗೆ ಹೋಗಲಿ?" "ನಿಮಗೆ ಹಿಂದಿಯಲ್ಲಿ ಟ್ಯಾಕ್ಸಿಯವನ ಜೊತೆ ಮಾತಾಡಲು ಬರುತ್ತದೆಯೇ?" ಈ ಸಂವಾದ ಇನ್ನೂ ಎತ್ತರಕ್ಕೆ ಏರುತ್ತಿತ್ತು. ಅಷ್ಟರಲ್ಲಿ ಪಟ್ಟಿಯಲ್ಲಿ ನಮ್ಮ ಹಿಂದಿದ್ದ ಯಾರೋ ಪೈಲಟ್ಟಿನ ತಾಯಿ, ಸಣ್ಣ ಕೈಚೀಲ ಎತ್ತಿಕೊಂಡು, ನಮ್ಮಿಬ್ಬರ ಮಧ್ಯದಿಂದಲೇ ನುಸುಳಿ ಹೋಗಿಬಿಟ್ಟರು. ಬಾಗಿಲು ಮುಚ್ಚಿತು.

ನಮ್ಮ ವಿಮಾನ ನಿಲ್ದಾಣಗಳಲ್ಲಿ ಒಳಗೆ ಹೋಗುವುದಕ್ಕಿಂತ ಹಾರದೆ ಹೊರಗೆ ಬರುವುದು ಕಷ್ಟ. ಕಂಪನಿಯ ಸಿಬ್ಬಂದಿಯೊಬ್ಬರು ಜೊತೆಗೆ ಬಂದು, ಪಾಸು ರದ್ದು ಮಾಡಿಸಿ, ರಿಜಿಸ್ಟರಿನಲ್ಲಿ ಬರೆಸಿ, ಬಂದೂಕು ಹಿಡಿದ ಜವಾನನಿಗೆ ನಮ್ಮನ್ನು ತೋರಿಸಿ, ಜಾಮೀನಿನ ಮೇಲೆ ಬಿಡುಗಡೆಯಾದವರನ್ನು ಕಳಿಸುವಂತೆ ಕಳಿಸಿಕೊಟ್ಟರು. ಆ ರಾತ್ರಿ ಕಾಗದದ ಮೇಲೆ ಲೆಕ್ಕ ಹಾಕಿದೆ. ಆರು ಸಲದ ಟ್ಯಾಕ್ಸಿ, ನಿಲ್ದಾಣದೊಳಗಿನ ಕಾಫಿ ಮತ್ತು ಸಮೋಸ, ಅಣ್ಣನ ಮೊಮ್ಮಗನ ಕೈಗೆ ಪ್ರತಿ ಸಲ ಹೊರಡುವಾಗಲೂ ಇಟ್ಟ ನೋಟು, ಇವೆಲ್ಲ ಸೇರಿ ತಿಂಗಳ ಮೊದಲೇ ದುಡ್ಡು ಕೊಟ್ಟು ಕಾದಿರಿಸಬಹುದಾಗಿದ್ದ ಎರಡು ಟಿಕೆಟ್ಟುಗಳ ಬೆಲೆಯನ್ನು ದಾಟಿದ್ದವು. ಆ ಹೊತ್ತಿನ ಟಿಕೆಟ್ ದರವನ್ನಂತೂ ಕೇಳುವಂತೆಯೇ ಇರಲಿಲ್ಲ. ಹಣ ತಾನೇ ಕಟ್ಟುತ್ತೇನೆಂದು ಮಗಳು ಫೋನಿನಲ್ಲಿ ಗೋಗರೆದಳು. ಮೇಷ್ಟ್ರ ಅಭಿಮಾನ ಅಡ್ಡಬಂತು.

ಮರುದಿನ ಬೆಳಿಗ್ಗೆ 10 ಗಂಟೆಗೆ ತತ್ಕಾಲ್ ತೆರೆದೊಡನೆ ಅಣ್ಣನ ಮಗ, ಮಿಂಚಿನ ವೇಗ ಎಂದರೆ ಏನೆಂದು ನನಗೆ ಆಗ ಗೊತ್ತಾಯಿತು, ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಎರಡು ಬರ್ತ್ ಗಿಟ್ಟಿಸಿಕೊಟ್ಟ. ಮಂಜಿನಿಂದಾಗಿ ರೈಲೂ ತಡವಾಯಿತು. ಆದರೆ ತಡವಾದ ರೈಲಿನಲ್ಲೂ ನಮ್ಮ ಬರ್ತು ನಮ್ಮದೇ ಆಗಿತ್ತು. ಭಾರತೀಯ ರೈಲ್ವೆಯನ್ನು ನಾನು ಜೀವಮಾನವಿಡೀ ಬೈದಿದ್ದೇನೆ. ಆದರೂ, ಸೀಟಿಲ್ಲದವನಿಗೂ ಆರ್‌ಎಸಿ ಎಂದು ಅರ್ಧ ಬರ್ತ್ ಕೊಟ್ಟು, ಅಪರಿಚಿತನ ಮೊಣಕಾಲಿಗೆ ಮೊಣಕಾಲು ತಾಗಿಸಿಯಾದರೂ ಊರು ಮುಟ್ಟಿಸುವ ಕರುಣೆ ಅದಕ್ಕಿದೆ.

ಸೊಲ್ಲಾಪುರ ದಾಟಿದ ಮೇಲೆ ಎದುರಿನ ಬರ್ತಿನ ಕಲಬುರಗಿಯ ಯಜಮಾನರು ಶೇಂಗಾ ಹೋಳಿಗೆಯ ಡಬ್ಬಿ ಬಿಚ್ಚಿ ನಮಗೂ ಕೊಟ್ಟು, ಮಕ್ಕಳೆಷ್ಟು, ಏನು ಮಾಡುತ್ತಾರೆ ಎಂದು ವಿಚಾರಿಸಿದರು. ಎರಡು ವಾರದಿಂದ ಬಾಯಿಗೆ ಬೀಗ ಹಾಕಿಕೊಂಡಿದ್ದ ನನ್ನ ಹೆಂಡತಿ ನನ್ನ ಕಡೆ ನೋಡಿದಳು. ಇದು ವಿಮಾನವಲ್ಲವಲ್ಲ ಎಂದು ನಾನೂ ಸುಮ್ಮನಿದ್ದೆ. ಸೆರಗು ಸರಿಪಡಿಸಿಕೊಂಡು ಅವಳು, "ನಮ್ಮ ಮಗಳು ಗಗನಸಖಿ. ನಮಗೆಲ್ಲ ವಿಮಾನ ಪುಕ್ಕಟೆ" ಎಂದಳು.

ಯಜಮಾನರು ಹೋಳಿಗೆ ಮುರಿಯುವುದನ್ನು ನಿಲ್ಲಿಸಿ, ಒಮ್ಮೆ ಅವಳನ್ನೂ ಒಮ್ಮೆ ನನ್ನನ್ನೂ ನೋಡಿ, "ಹೌದೇನ್ರೀ! ಮತ್ತ ಎರಡು ರಾತ್ರಿ ಈ ರೈಲಿನ್ಯಾಗ ಯಾಕ ಕುಂತೀರಿ?" ಎಂದರು.

"ಇವರಿಗೆ ರೈಲಿನಲ್ಲಿ ನಿದ್ದೆ ಚೆನ್ನಾಗಿ ಬರುತ್ತದೆ" ಎಂದಳು ನನ್ನ ಹೆಂಡತಿ. ನಾನು ಹೊದಿಕೆಯನ್ನು ತಲೆಯವರೆಗೆ ಎಳೆದುಕೊಂಡು ಮಗ್ಗುಲಾದೆ.