ಪೆಟ್ರೋಲ್ ಮೇಲಿನ ರಾಜ್ಯ ತೆರಿಗೆ ಇಳಿಯಬೇಕೇ?

2024ರ ಜೂನ್ 15ರಂದು ರಾಜ್ಯ ಸರ್ಕಾರ ಪೆಟ್ರೋಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ 25.92ರಿಂದ ಶೇ 29.84ಕ್ಕೆ ಏರಿಸಿತು. ಬಂಕ್‌ನಲ್ಲಿ ಲೀಟರಿಗೆ ಸುಮಾರು 3 ರೂಪಾಯಿ ಹೆಚ್ಚಾಯಿತು. ಮಂಡ್ಯ ಕಡೆಯಿಂದ ದಿನಾ ಬೈಕಿನಲ್ಲಿ ಮೈಸೂರಿಗೆ ಕೆಲಸಕ್ಕೆ ಹೋಗಿಬರುವವರಿಗಾಗಿ ಆ ತೆರಿಗೆ ಇಳಿಯಬೇಕೇ?

ಪರ: ದುಡಿಯಲು ಹೋಗುವುದಕ್ಕೂ ತೆರಿಗೆಯೇ?

ಮಂಡ್ಯದಿಂದ ಮೈಸೂರಿಗೆ 45 ಕಿಲೋಮೀಟರ್. ಹೆಬ್ಬಾಳ, ಹೂಟಗಳ್ಳಿಯ ಕಾರ್ಖಾನೆಗಳಿಗೆ ಹೋಗಿಬಂದರೆ ದಿನಕ್ಕೆ ನೂರರ ಹತ್ತಿರ ಆಗುತ್ತದೆ. ಹಳೇ ಗಾಡಿ ಲೀಟರಿಗೆ 50 ಕೊಟ್ಟರೂ ಎರಡು ಲೀಟರ್ ಬೇಕು. ಲೀಟರಿಗೆ 103 ರೂಪಾಯಿ ಹಿಡಿದರೆ ದಿನಕ್ಕೆ 206, ತಿಂಗಳ 26 ದಿನದ ಕೆಲಸಕ್ಕೆ 5,356. ಕೈಗೆ ಬರುವ ಸಂಬಳ 18 ಸಾವಿರ ಅಂತಿಟ್ಟುಕೊಳ್ಳಿ. ರೂಪಾಯಿಗೆ ಮೂವತ್ತು ಪೈಸೆ ದಾರಿಯಲ್ಲೇ ಖರ್ಚು. ಆಯಿಲ್, ಟೈರು, ಬ್ರೇಕ್ ಶೂ ಇದರಲ್ಲಿ ಸೇರಿಲ್ಲ.

ಮೈಸೂರಿನಲ್ಲೇ ಮನೆ ಮಾಡಿ ಅನ್ನುವುದು ಸುಲಭ. ಊರಿನಲ್ಲಿ ಸ್ವಂತ ಮನೆ ಇದೆ, ವಯಸ್ಸಾದ ಅಪ್ಪ ಅಮ್ಮ ಇದ್ದಾರೆ, ಎರಡು ಹಸು ಇವೆ. ಬೆಳಿಗ್ಗೆ ಡೇರಿಗೆ ಹಾಲು ಹಾಕಿಯೇ ಗಾಡಿ ಹತ್ತುವವರು ಎಷ್ಟೋ ಜನ. ನಾಲೆ ನೀರನ್ನೇ ನಂಬಿ ಸಂಸಾರ ನಡೆಯುವುದಿಲ್ಲ ಎಂದು ನಮ್ಮ ಹುಡುಗರು ಕಾರ್ಖಾನೆ ಕೆಲಸ ಹಿಡಿದರು. ಹಾಗಂತ ಇರುವ ಅರ್ಧ ಎಕರೆ ಗದ್ದೆ ಬಿಟ್ಟುಬಂದು ನಗರದಲ್ಲಿ ಅಡ್ವಾನ್ಸ್, ಬಾಡಿಗೆ ಕಟ್ಟುವ ಶಕ್ತಿಯೂ ಅವರಿಗಿಲ್ಲ. ದೂರ ಅವರು ಇಷ್ಟಪಟ್ಟು ಆರಿಸಿಕೊಂಡದ್ದಲ್ಲ.

ತಿಂಗಳ ಇಪ್ಪತ್ತನೇ ತಾರೀಖು ದಾಟಿದ ಮೇಲೆ ಯಾವುದಾದರೂ ಬಂಕ್‌ನಲ್ಲಿ ಹತ್ತು ನಿಮಿಷ ನಿಂತು ನೋಡಿ. ಬೈಕಿನವರ ಬಾಯಲ್ಲಿ ಲೀಟರಿನ ಮಾತೇ ಬರುವುದಿಲ್ಲ. 'ನೂರಕ್ಕೆ ಹಾಕಿ' ಅನ್ನುತ್ತಾರೆ. ನೂರಕ್ಕೆ ಒಂದು ಲೀಟರೂ ಬರದು. ಹಾಕಿಸಿಕೊಂಡ ಮೇಲೆ ಗಾಡಿಯನ್ನು ಒಮ್ಮೆ ಅಲ್ಲಾಡಿಸಿ, ಬಗ್ಗಿ ಟ್ಯಾಂಕಿನೊಳಗೆ ನೋಡಿ, ಆಮೇಲೆ ಮುಚ್ಚಳ ಹಾಕುತ್ತಾರೆ. ನಾಳೆ ವಾಪಸ್ ಬರುವಷ್ಟು ಇದೆಯಾ ಅನ್ನುವ ಲೆಕ್ಕ ಅದು. ಅವರಿಗೆ ಲೀಟರಿಗೆ 3 ರೂಪಾಯಿ ಸಣ್ಣ ಮೊತ್ತವಲ್ಲ.

2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿ ಉದ್ಘಾಟನೆಯಾಯಿತು; ಅದೇ ಆಗಸ್ಟ್ 1ರಿಂದ ಅಲ್ಲಿ ಬೈಕ್ ನಿಷೇಧ. ಆದ ಅಪಘಾತಗಳನ್ನು ನೋಡಿದರೆ ನಿಷೇಧ ಸರಿಯೇ. ಆದರೆ ಸರ್ವೀಸ್ ರಸ್ತೆಯಲ್ಲಿ ಹಂಪು, ಅಡ್ಡ ಬರುವ ಟ್ರ್ಯಾಕ್ಟರ್, ಊರೂರಿಗೂ ಗೇರ್ ಇಳಿಸುವುದು. ಮೈಲೇಜ್ ಬೀಳದೆ ಇನ್ನೇನು? ಈಗ ಪೆಟ್ರೋಲಿಗೆ ಬೆರೆಸುವ ಶೇ 20ರಷ್ಟು ಎಥೆನಾಲ್‌ನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಶಕ್ತಿ ಕಡಿಮೆ. ಕಬ್ಬು ಬೆಳೆಯುವ ನಮ್ಮ ಜಿಲ್ಲೆಗೆ ಎಥೆನಾಲ್ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಓಡುವ ದೂರ ಕಡಿಮೆಯಾದರೂ ಲೀಟರಿನ ದರ ಮಾತ್ರ ಇಳಿಯಲಿಲ್ಲ.

ಕೇಂದ್ರದ ಅಬಕಾರಿ ಸುಂಕ ಲೀಟರಿಗೆ ಇಷ್ಟು ರೂಪಾಯಿ ಎಂದು ನಿಗದಿ. ರಾಜ್ಯದ ತೆರಿಗೆ ಶೇಕಡಾವಾರು. ಹಾಗಾಗಿ ಕಂಪನಿ ದರ ಏರಿಸಿದಾಗಲೆಲ್ಲ, ಯಾರೂ ಆದೇಶ ಹೊರಡಿಸದೆಯೇ, ರಾಜ್ಯದ ಪಾಲೂ ಏರುತ್ತದೆ. ಜನ ಒದ್ದಾಡುವ ಹೊತ್ತಿನಲ್ಲೇ ಬೊಕ್ಕಸ ತುಂಬುವ ಈ ಪದ್ಧತಿ ಹೋಗಲಿ. ರಾಜ್ಯವೂ ಲೀಟರಿಗೆ ಇಷ್ಟೇ ಎಂದು ನಿಗದಿ ಮಾಡಲಿ. ಅದು 2024ರ ಜೂನ್‌ಗೆ ಮೊದಲು ಇದ್ದುದಕ್ಕಿಂತ ಹೆಚ್ಚಾಗದಿರಲಿ.

ವಿರೋಧ: ಇಳಿಸಿದ ತೆರಿಗೆ ಬೈಕಿನವರ ಕೈಗೆ ಸಿಗುವುದಿಲ್ಲ

ಮೇಲಿನ ಲೆಕ್ಕವನ್ನು ನಾನು ಒಪ್ಪುತ್ತೇನೆ. ಅದೇ ಲೆಕ್ಕವನ್ನು ಕೊನೆವರೆಗೂ ಮಾಡೋಣ. ಲೀಟರಿಗೆ 3 ರೂಪಾಯಿ ಇಳಿದರೆ ಆ ಹುಡುಗನಿಗೆ ಉಳಿಯುವುದು ದಿನಕ್ಕೆ 6, ತಿಂಗಳಿಗೆ 156 ರೂಪಾಯಿ. ಉಳಿದ 5,200 ಅವನ ಜೇಬಿನಿಂದಲೇ ಹೋಗಬೇಕು. ಅದೇ ದಾರಿಯಲ್ಲಿ ಲೀಟರಿಗೆ 15 ಕೊಡುವ ಕಾರಿನಲ್ಲಿ ಒಬ್ಬರೇ ಕೂತು ಹೋಗುವವರಿಗೆ ಇದರ ಮೂರು ಪಟ್ಟು ಉಳಿತಾಯ. ಗಾಡಿಯೇ ಇಲ್ಲದ ಕೂಲಿಯವರಿಗೆ ಬಿಡಿಗಾಸೂ ಇಲ್ಲ. ಬಡವರ ಹೆಸರಿನಲ್ಲಿ ಕೇಳಿ ಕಾರಿನವರಿಗೆ ಹೆಚ್ಚು ಕೊಡುವ ರಿಯಾಯಿತಿ ನನಗೆ ಒಪ್ಪಿಗೆಯಿಲ್ಲ.

ಇಳಿಸಿದ್ದು ಉಳಿಯುತ್ತದೆ ಅನ್ನುವ ಭರವಸೆಯಾದರೂ ಇದೆಯೇ? 2021ರ ನವೆಂಬರ್‌ನಲ್ಲಿ ಕೇಂದ್ರ 5 ರೂಪಾಯಿ, ರಾಜ್ಯ 7 ರೂಪಾಯಿ ಇಳಿಸಿದ್ದವು. 2022ರ ಮಾರ್ಚ್ 22ರಿಂದ ಎರಡೇ ವಾರದಲ್ಲಿ ತೈಲ ಕಂಪನಿಗಳು ಬಹುತೇಕ ದಿನ 80 ಪೈಸೆಯಂತೆ ಏರಿಸುತ್ತಾ ಹೋಗಿ ಸುಮಾರು 10 ರೂಪಾಯಿ ಮೇಲೇರಿಸಿದವು. ಆಮೇಲೆ ರಾಜ್ಯದ ಬೊಕ್ಕಸದಲ್ಲೂ ಆ ದುಡ್ಡಿಲ್ಲ, ಬೈಕಿನವರ ಹತ್ತಿರವೂ ಇಲ್ಲ.

2017ರಲ್ಲಿ ಜಿಎಸ್‌ಟಿ ಬಂದ ಮೇಲೆ ರಾಜ್ಯ ತಾನಾಗಿ ದರ ತೀರ್ಮಾನಿಸಬಹುದಾದ ದೊಡ್ಡ ತೆರಿಗೆಗಳು ಉಳಿದಿರುವುದೇ ನಾಲ್ಕೈದು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ನಮ್ಮ ಹೆಣ್ಣುಮಕ್ಕಳು ಬಸ್ಸಿನಲ್ಲಿ ಉಚಿತವಾಗಿ ಓಡಾಡುತ್ತಿರುವುದೂ ಇಂಥ ದುಡ್ಡಿನಿಂದಲೇ. ಎಷ್ಟೋ ಮನೆಗಳಲ್ಲಿ ಹೆಂಡತಿ ಬಸ್ಸಿನಲ್ಲಿ ಗಾರ್ಮೆಂಟ್ಸ್‌ಗೆ, ಗಂಡ ಬೈಕಿನಲ್ಲಿ ಕಾರ್ಖಾನೆಗೆ. ಗಂಡನಿಗೆ ಬಸ್ಸು ಬೇಡವೆಂದಲ್ಲ. ಎರಡನೇ ಶಿಫ್ಟ್ ಬಿಡುವ ಹೊತ್ತಿಗೆ ಅವನ ಹಳ್ಳಿಗೆ ಬಸ್ಸಿಲ್ಲ.

ನಿಜವಾದ ಖರ್ಚು ಇರುವುದು ಇಲ್ಲಿ. ಮಂಡ್ಯ–ಮೈಸೂರು ನಡುವೆ ರೈಲು ಹಳಿ ಜೋಡಿಯಾಗಿದೆ, ವಿದ್ಯುದೀಕರಣವೂ ಮುಗಿದಿದೆ. ಎಲಿಯೂರು, ಪಾಂಡವಪುರ, ಶ್ರೀರಂಗಪಟ್ಟಣ, ನಾಗನಹಳ್ಳಿಯಲ್ಲಿ ಸ್ಟೇಷನ್ ಇವೆ. ತಿಂಗಳ ಪಾಸಿಗೆ ಬೈಕಿನ ಒಂದು ವಾರದ ಪೆಟ್ರೋಲ್ ದುಡ್ಡೂ ಬೇಡ. ಆದರೂ ಜನ ಯಾಕೆ ಬೈಕ್ ಬಿಡುವುದಿಲ್ಲ? ಪಾಂಡವಪುರದ ಸ್ಟೇಷನ್ ಊರಿನಿಂದ ದೂರ. ಅಲ್ಲಿಗೆ ತಲುಪಲು ಮತ್ತೆ ಗಾಡಿಯೇ ಬೇಕು. ಮೈಸೂರಿನಲ್ಲಿ ಇಳಿದರೆ ಹೆಬ್ಬಾಳ, ಹೂಟಗಳ್ಳಿ ನಡೆದು ಹೋಗುವ ದೂರವಲ್ಲ. ದಿನಾ ಎರಡು ಹೊತ್ತು ಆಟೋ ಹಿಡಿದರೆ ಪೆಟ್ರೋಲಿಗೆ ಕೊಡುತ್ತಿದ್ದ ದುಡ್ಡು ಆಟೋದವರಿಗೆ ಹೋಗುತ್ತದೆ, ಅಷ್ಟೇ.

ತೆರಿಗೆ ಏರಿಸಿದ ಸರ್ಕಾರದ ಮೇಲೆ ನನಗೂ ಸಿಟ್ಟಿದೆ. ಹೆಚ್ಚುವರಿ 3 ರೂಪಾಯಿ ಇಂಥ ಬಸ್ಸಿಗೆ ಹೋಯಿತು ಎಂದು ಅದು ಜನರಿಗೆ ತೋರಿಸಬೇಕಿತ್ತು. ಈಗಲಾದರೂ ಮಂಡ್ಯ, ಮೈಸೂರು ವಿಭಾಗಗಳಲ್ಲಿ ಸಂಗ್ರಹವಾಗುವ ಆ ಪಾಲನ್ನು ಬೇರೆಯಾಗಿ ತೆಗೆದಿಡಲಿ. ಬೆಳಗಿನ ರೈಲು ಬರುವ ಹೊತ್ತಿಗೆ ಮೈಸೂರು ಸ್ಟೇಷನ್ ಮುಂದೆ ಹೆಬ್ಬಾಳ, ಮೇಟಗಳ್ಳಿ, ಹೂಟಗಳ್ಳಿಯ ಬಸ್ಸು ನಿಂತಿರಲಿ. ರಾತ್ರಿ ಎರಡನೇ ಶಿಫ್ಟ್ ಬಿಟ್ಟ ಮೇಲೆ ಶ್ರೀರಂಗಪಟ್ಟಣ, ಪಾಂಡವಪುರ, ಮಂಡ್ಯಕ್ಕೆ ಕಾರ್ಖಾನೆ ಗೇಟಿನಿಂದಲೇ ಬಸ್ಸು ಹೊರಡಲಿ.